ಬೀಗರ ಊರಿನಲ್ಲಿ ಲಾಡ್ಜು

ಆರು ವಾರ ಸೈಕಲ್ ತುಳಿದು ಕನ್ಯಾಕುಮಾರಿ ಮುಟ್ಟಿ ಬಂದವನು, ಮನೆ ಇನ್ನು ನಲವತ್ತು ಕಿಲೋಮೀಟರ್ ಇರುವಾಗ ಮುಂಡರಗಿಯಲ್ಲಿ ಒಂದು ದಿನ ಪೂರ್ತಿ ಯಾಕೆ ನಿಂತೆ ಎಂದು ಬೆಟಗೇರಿಯಲ್ಲಿ ಈಗಲೂ ಕೇಳುತ್ತಾರೆ. ಮೊಣಕಾಲು ನೋಯುತ್ತಿತ್ತು ಎನ್ನುತ್ತೇನೆ. ಮೊಣಕಾಲು ಚೆನ್ನಾಗಿಯೇ ಇತ್ತು. ಕೆಟ್ಟದ್ದು ಬಾಯಿ.

ಹೊರಡುವಾಗ ಓಣಿಯವರನ್ನೆಲ್ಲ ನಿಲ್ಲಿಸಿಕೊಂಡು, ಇಂಥ ಭಾನುವಾರ ಮುಂಜಾನೆ ಹತ್ತಕ್ಕೆ ಇಲ್ಲೇ ಬಂದು ಇಳಿಯುತ್ತೇನೆ, ಒಂದು ತಾಸು ಹಿಂದಿಲ್ಲ, ಮುಂದಿಲ್ಲ ಎಂದು ಸಾರಿದ್ದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನ ಲೆಕ್ಕ ತಪ್ಪಿತು ಎಂದು ಯಾರೂ ಅನ್ನಬಾರದು ಎಂಬ ಹಟ. ಆದರೆ ಚಿತ್ರದುರ್ಗ ದಾಟಿದ ಮೇಲೆ ಗಾಳಿ ಬೆನ್ನಿಗೆ ಬಿತ್ತು. ಅದನ್ನು ನನ್ನ ಕಾಲಿನ ಬಲವೆಂದೇ ತಿಳಿದು ತುಳಿದೆ. ಶುಕ್ರವಾರ ಸಂಜೆಗೇ ಕೊರ್ಲಹಳ್ಳಿ ಸೇತುವೆ ದಾಟಿ ಮುಂಡರಗಿ ಸೇರಿಬಿಟ್ಟೆ. ಖುಷಿಯಿಂದ ಹೆಂಡತಿಗೆ ಫೋನ್ ಮಾಡಿದೆ.

"ಈಗ ಬರಬ್ಯಾಡ್ರಿ," ಎಂದಳು. "ಹಾರ ಆದಿತ್ಯವಾರಕ್ಕ ಹೇಳೇವಿ. ಹಲಗಿ ಬಾರಸವ್ರೂ ಅವತ್ತ ಬರ್ತಾರ. ನಾಳೆ ಬಂದ್ರ ನಿಮ್ಮನ್ನ ಎಲ್ಲಿ ಮುಚ್ಚಿಡ್ಲಿ?"

"ಹಂಗಾದ್ರ ನಾ ಎಲ್ಲಿ ಇರ್ಲಿ?"

"ಮುಂಡರಗ್ಯಾಗ ಮಗಳ ಮನಿ ಐತೋ ಇಲ್ಲೋ? ಬೀಗರ ಮನಿಗೆ ಹೋಗ್ರಿ."

ಹೂಂ ಎಂದೆ. ಹೂಂ ಎಂದು ಫೋನಿಟ್ಟು, ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಲಾಡ್ಜು ಹಿಡಿದೆ.

ನಮ್ಮ ಕಡೆ ಬೀಗರಿರುವ ಊರಲ್ಲಿ ಲಾಡ್ಜು ಹಿಡಿಯುವುದೆಂದರೆ ಅವರ ಮನೆಯ ಅನ್ನಕ್ಕೆ ಹೆಸರಿಟ್ಟ ಹಾಗೆ, ಕೊಂಕು ತೆಗೆದ ಹಾಗೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ನನ್ನದೊಂದು ಕಾರಣವಿತ್ತು. ಬೀಗರಿಗೆ ಹಿರೇವಡ್ಡಟ್ಟಿಯಲ್ಲಿ ಕರಿ ಮಣ್ಣಿನ ಎರಿ ಹೊಲ, ಮುಂಡರಗಿಯಲ್ಲಿ ದೊಡ್ಡ ಮನೆ. ನಾನು ಗೇಟು, ಗ್ರಿಲ್ಲು ಮಾಡುವ ವೆಲ್ಡರ್. ಮಗಳನ್ನು ಕೊಟ್ಟು ಒಂದು ವರ್ಷವಾಗಿತ್ತು. ಮದುವೆಯ ಮಾತುಕತೆಗೂ ಬಾಡಿಗೆ ಕಾರು ಮಾಡಿಕೊಂಡು ಹೋದ ಬಡಿವಾರ ನನ್ನದು. ಸೈಕಲ್ ಮೇಲೆ ಹೊರಟಿದ್ದೇನೆಂದು ತಿಳಿದಾಗ ಬೀಗರು ಫೋನಿನಲ್ಲಿ, "ಬಸ್ಸಿಗೆ ರೊಕ್ಕ ಇಲ್ಲಂದ್ರ ಹೇಳಬೇಕಿಲ್ರಿ ಬೀಗರ, ನಾವೇನು ದೂರದವರೇನು?" ಎಂದು ನಕ್ಕಿದ್ದರು. ಆ ನಗೆ ಪ್ರತಿ ಏರಿನಲ್ಲೂ ನನ್ನನ್ನು ಹಿಂದಿನಿಂದ ನೂಕಿದೆ. ಭಾನುವಾರದ ಸ್ವಾಗತಕ್ಕೆ ಅವರನ್ನು ಕರೆಯಲು ಹೆಂಡತಿಗೆ ಮೊದಲೇ ಹೇಳಿದ್ದೆ. ಕೊರಳಲ್ಲಿ ಹಾರ, ಮುಂದೆ ಹಲಗಿ, ಆವಾಗ ಅವರು ನನ್ನನ್ನು ನೋಡಬೇಕು. ಅದು ಬಿಟ್ಟು, ಸುಟ್ಟ ಬದನೆಕಾಯಿಯಂಥ ಮುಖ ಹೊತ್ತು, ಕೈಯಲ್ಲಿ ಒಂದು ಡಜನ್ ಬಾಳೆಹಣ್ಣೂ ಇಲ್ಲದೆ ಅವರ ಕಟ್ಟೆಗೆ ಸೈಕಲ್ ಒರಗಿಸುವುದೇ?

ಶನಿವಾರ ಬೆಳಗಾಯಿತು. ವಿಶ್ರಾಂತಿ ಎಂಬುದು ನನಗೆ ಬರದ ವಿದ್ಯೆ. ಹದಿಮೂರನೆಯ ವಯಸ್ಸಿನಿಂದ ದುಡಿದಿದ್ದೇನೆ, ಅಮಾವಾಸ್ಯೆ ಬಿಟ್ಟರೆ ಅಂಗಡಿ ಮುಚ್ಚಿದವನಲ್ಲ. ಎಂಟು ಗಂಟೆಯೊಳಗೆ ಇದ್ದ ಬಟ್ಟೆಯನ್ನೆಲ್ಲ ಒಗೆದು ಮಾಳಿಗೆಯ ಮೇಲೆ ಹರವಿದೆ. ಹರವಿದ ಮೇಲೆ ನೋಡಿಕೊಂಡರೆ ಮೈಮೇಲೆ ಉಳಿದದ್ದು ಒಂದು ಬನಿಯನ್ನು ಮತ್ತು ಸೈಕಲ್ ತುಳಿಯುವ ಚಡ್ಡಿ. ಕರಿಯದು, ತೊಡೆಗೆ ಅಂಟಿಕೊಳ್ಳುವಂಥದ್ದು, ಕುಂಡೆಯ ಕಡೆ ದಪ್ಪನೆಯ ಮೆತ್ತೆ ಹೊಲಿದದ್ದು. ಲುಂಗಿ ಒಂದಿತ್ತು. ಭಾರ ಕಡಿಮೆಯಾಗಲಿ ಎಂದು ಮಧುರೈಯಲ್ಲಿ ಯಾರಿಗೋ ಕೊಟ್ಟಿದ್ದೆ. ಸುತ್ತಿಗೆ, ಪಾನಾ ತುಂಬಿದ ಎರಡು ಕಿಲೋ ಚೀಲವನ್ನು ಮಾತ್ರ ಕನ್ಯಾಕುಮಾರಿ ತನಕ ಹೊತ್ತು ತಿರುಗಿ ತಂದಿದ್ದೆ. ನನ್ನ ಬುದ್ಧಿ ಅಷ್ಟು.

ಮಂಚದ ಮೇಲೆ ಬಿದ್ದುಕೊಂಡೆ. ಕೆಳಗೆ ಲಾಡ್ಜಿನ ಕಬ್ಬಿಣದ ಗೇಟು ಯಾರಾದರೂ ಬಂದಾಗಲೊಮ್ಮೆ ನೆಲದ ಫರಸಿ ಕಲ್ಲಿಗೆ ಉಜ್ಜಿ ಕಿರುಗುಟ್ಟುತ್ತಿತ್ತು. ಕೀಲು ಸವೆದಿದೆ, ಒಂದು ವಾಷರ್ ಹಾಕಿದರೆ ಮುಗಿಯಿತು ಎಂದು ಮಲಗಿದಲ್ಲೇ ತಿಳಿಯಿತು. ನನ್ನ ಗೇಟಲ್ಲ, ನನ್ನ ಊರಲ್ಲ, ಮೇಲಾಗಿ ಅಡಗಿ ಕೂತವನು ನಾನು. ಹತ್ತು ಸಲ ತಡೆದುಕೊಂಡೆ. ಹನ್ನೊಂದನೆಯ ಸಲಕ್ಕೆ ಚೀಲ ಹಿಡಿದು ಕೆಳಗಿಳಿದೆ.

"ಇದನ್ನ ಮಾಡಿದವ ಯಾವನ್ರಿ?" ಎಂದು ಮ್ಯಾನೇಜರನನ್ನು ಕೇಳಿದೆ.

"ಯಾಕ್ರಿ ಕಾಕಾ, ಐದು ವರ್ಷಾತು, ಚಲೋನ ನಡದೈತಿ."

"ನಡದಿಲ್ಲ, ತೆವಳಾಕ ಹತ್ತೈತಿ. ಹಾರಿ ಐತೇನು?"

ಹಾರೆ ತಂದುಕೊಟ್ಟ. ಬೀದಿಯ ಮೇಲೇ ಬೋರಲು ಬಿದ್ದು, ಗೇಟನ್ನು ಎತ್ತಿ ಹಿಡಿಸಿ, ಕೀಲಿಗೆ ವಾಷರ್ ಸೇರಿಸತೊಡಗಿದೆ. ಎದುರಿನ ಚಹಾದ ಅಂಗಡಿಯಲ್ಲಿ ಐದಾರು ಮಂದಿ ಕಪ್ಪು ಹಿಡಿದು ನಿಂತಿದ್ದರು.

"ಯಜಮಾನ್ರ, ಚಡ್ಡ್ಯಾಗ ತಲಿದಿಂಬ ಇಟಗೊಂಡೀರೇನು?" ಎಂದ ಒಬ್ಬ.

"ಬೇಕಾದ್ರ ನಿನಗೂ ಒಂದು ಹೊಲಸಿ ಕೊಡ್ತೀನಿ," ಎಂದೆ. ಕೆಲಸ ಕೈಗೆ ಸಿಕ್ಕರೆ ನನಗೆ ಲೋಕ ಕಾಣುವುದಿಲ್ಲ. ಆ ಗುಂಪಿನಲ್ಲಿ ಮಗಳ ಮದುವೆಗೆ ಬಂದಿದ್ದವನೊಬ್ಬ ಇದ್ದದ್ದೂ ಕಾಣಲಿಲ್ಲ.

ಕೀಲು ಕೂರಿಸಿ ಮುಗಿಸುವ ಹೊತ್ತಿಗೆ ಫೋನ್ ಬಂತು. ಮಗಳು. ದನಿ ತೀರ ಸಣ್ಣದಾಗಿತ್ತು.

"ಅಪ್ಪಾ, ಎಲ್ಲಿದ್ದಿ?"

"ಇನ್ನೂ ಹಡಗಲಿ ಹತ್ರ ಇದ್ದೀನವ್ವಾ," ಎಂದೆ, ಗೇಟಿನ ಬುಡದಲ್ಲಿ ಬಿದ್ದುಕೊಂಡೇ.

"ಖರೆ ಹೇಳು. 'ನಿಮ್ಮ ಬೀಗರು ಲಾಡ್ಜಿನ ಮುಂದ ಚಡ್ಡಿ ಮ್ಯಾಲ ಮಕ್ಕೊಂಡಾರ' ಅಂತ ಮಾವಾರಿಗೆ ಯಾರೋ ಬಂದು ಹೇಳಿ ಹೋದ್ರು."

ಕೈಯಲ್ಲಿದ್ದ ಪಾನಾ ಕೆಳಗಿಟ್ಟೆ.

"ಅದನ್ನ ಕೇಳಿದಾಗಿಂದ ಅತ್ತಿಯವ್ರು ನನ್ ಕೂಡ ಮಾತ ಬಿಟ್ಟಾರ. ನಾ ಇಲ್ಲಿ ತ್ರಾಸ ಐತಿ ಅಂತ ತವರಿಗೆ ಚಾಡಿ ಹೇಳೇನಂತ, ಅದಕ್ಕ ನೀ ಈ ಮನಿ ಹೊಸ್ತಿಲಾ ತುಳೀವಲ್ಲಿ ಅಂತ ತಿಳದಾರ. ಒಂದ ವರ್ಷ ಚಂದಂಗ ನಡಕೊಂಡು ಬಂದೇನಿ ಅಪ್ಪಾ. ಈಗ ನಾ ಏನಂತ ಹೇಳ್ಲಿ? ಮಾವಾರು ಗಾಡಿ ತಗೊಂಡು ಅಲ್ಲಿಗೇ ಹೊಂಟಾರ."

ಅಷ್ಟು ದಿನ ನನ್ನ ಮಾನವನ್ನು ಅಷ್ಟು ಜೋಪಾನವಾಗಿ ಕಾಯ್ದಿದ್ದೆ. ಮಗಳಿಗೂ ಒಂದು ಮಾನವಿದೆ, ಅದನ್ನು ಅವಳು ಆ ಮನೆಯಲ್ಲಿ ದಿನಾ ದುಡಿದು ಗಳಿಸುತ್ತಿದ್ದಾಳೆ ಎಂಬುದು ತಲೆಗೇ ಬಂದಿರಲಿಲ್ಲ. ಒದ್ದೆ ಪ್ಯಾಂಟನ್ನಾದರೂ ಏರಿಸೋಣವೆಂದು ಎದ್ದು ಮೂರು ಮೆಟ್ಟಿಲು ಹತ್ತಿದೆ. ಅಷ್ಟರಲ್ಲಿ ಬೀಗರ ಗಾಡಿ ಬಂದು ನಿಂತಿತು.

ಅವರು ನನ್ನನ್ನು ನೋಡಲಿಲ್ಲ. ಗೇಟನ್ನು ಒಂದು ಬೆರಳಿನಿಂದ ನೂಕಿದರು. ಅದು ಸದ್ದಿಲ್ಲದೆ ತೆರೆಯಿತು.

"ಚಲೋ ಆಗೇತಿ," ಎಂದರು. "ನಮ್ಮ ಮನಿ ಗೇಟೂ ವರ್ಷದಿಂದ ಹಿಂಗ ಉಜ್ಜತೈತಿ. ಅಲ್ಲಿಗೆ ಬರಾಕ ನಿಮಗ ಆಗವಲ್ದು."

ಮಾತಿಗೊಮ್ಮೆ ನಗುವ ಮನುಷ್ಯ ಈ ಮಾತಿಗೆ ನಗಲಿಲ್ಲ. ನನ್ನ ಬಾಯಲ್ಲಿ ಸುಳ್ಳುಗಳು ಸಾಲುಗಟ್ಟಿ ನಿಂತಿದ್ದವು: ಈಗಷ್ಟೇ ಬಂದೆ, ಮೈ ತೊಳೆದುಕೊಂಡು ಬರುವವನಿದ್ದೆ, ಜ್ವರ ಬಂದಿತ್ತು. ಯಾವುದನ್ನು ಹೇಳಿದರೂ ನಾನು ಉಳಿಯುತ್ತಿದ್ದೆ. ಮಗಳ ಮೇಲಿನ ಸಂಶಯ ಹಾಗೇ ಉಳಿಯುತ್ತಿತ್ತು.

"ಮಗಳು ಏನೂ ಹೇಳಿಲ್ರಿ," ಎಂದೆ. "ನಾ ಇಲ್ಲಿರೂದ ಆಕಿಗೆ ಗೊತ್ತೂ ಇದ್ದಿಲ್ಲ. ನಾ ಹೊಂಡೂ ಮುಂದ ನೀವು ಬಸ್ಸಿನ ರೊಕ್ಕದ ಮಾತಾಡಿ ನಕ್ಕಿದ್ರಿ. ನಾಳೆ ಕೊಳ್ಳಾಗ ಹಾರ ಹಾಕ್ಕೊಂಡು ನಿಮ್ಮ ಮುಂದ ನಿಂದ್ರಬೇಕು, ಅಲ್ಲೀ ಮಟ ನಿಮ್ಮ ಕಣ್ಣಿಗೆ ಬೀಳಬಾರ್ದು ಅಂತ ಅಡಗಿ ಕುಂತಿದ್ದೆ."

ಬೀಗರು ಹುಬ್ಬು ಗಂಟಿಕ್ಕಿದರು. "ನಾ ನಕ್ಕಿದ್ನೇನು?"

"ನಕ್ಕಿದ್ರಿ."

"ನನಗ ಖಬರ ಇಲ್ಲ ನೋಡ್ರಿ."

ಯಾವ ನಗೆಯನ್ನು ನೆನೆದು ನಾನು ಎರಡು ಸಾವಿರ ಕಿಲೋಮೀಟರ್ ತುಳಿದಿದ್ದೆನೋ, ಅದು ನಕ್ಕವನಿಗೇ ನೆನಪಿರಲಿಲ್ಲ.

"ಈ ಮಾತನ್ನ ಮನಿಗೆ ಬಂದು ನಿಮ್ಮ ಬೀಗತಿ ಮುಂದ ನೀವ ಹೇಳ್ರಿ," ಎಂದರು. "ನಾ ಹೇಳಿದ್ರ, ಸೊಸಿ ಪರ ಮಾತಾಡ್ತೀರಿ ಅಂತಾಳ. ನಡ್ರಿ, ಹತ್ರಿ ಗಾಡಿ." ಹೆಗಲ ಮೇಲಿನ ಟವೆಲ್ ತೆಗೆದು ಕೊಟ್ಟರು. ಸೊಂಟಕ್ಕೆ ಸುತ್ತಿಕೊಂಡೆ. ಮೆತ್ತೆಯ ಮೇಲೆ ಅದು ನಿಲ್ಲಲೊಲ್ಲದು, ದಾರಿಯುದ್ದಕ್ಕೂ ಒಂದು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.

ಪಡಸಾಲೆಯಲ್ಲಿ ಬೀಗತಿ ಗೋಡೆಗೆ ಒರಗಿ ಕೂತಿದ್ದರು. ಮಗಳು ಅಡಿಗೆಮನೆಯ ಬಾಗಿಲಲ್ಲಿ ನೆಲ ನೋಡುತ್ತ ನಿಂತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ: ಓಣಿಯಲ್ಲಿ ಸಾರಿದ್ದು, ಗಾಳಿಯನ್ನು ಕಾಲಿನ ಬಲ ಎಂದುಕೊಂಡದ್ದು, ಹೆಂಡತಿಗೆ ಹೂಂ ಎಂದದ್ದು, ಹಡಗಲಿಯ ಸುಳ್ಳು. ಒಂದನ್ನೂ ಬಿಡಲಿಲ್ಲ.

"ಹಂಗಾದ್ರ ನಮ್ಮ ಮನಿ ಊಟಕ್ಕ ಹೆಸರಿಟ್ಟಿಲ್ಲ?" ಎಂದರು ಬೀಗತಿ.

"ಇಲ್ರಿ."

"ಸೊಸಿ ಏನೂ ಹೇಳಿಲ್ಲ?"

"ಆಕಿನ್ನ ಒಂದ ಮಾತ ಕೇಳಿದ್ರ ನಾ ಇಂಥಾ ಹುಚ್ಚ ಕೆಲಸ ಮಾಡ್ತಿದ್ದಿಲ್ರಿ. ಆಕಿಗೆ ಬುದ್ಧಿ ಐತಿ."

ಬೀಗತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. "ಅದು ಖರೆ," ಎಂದರು. "ಆಕಿ ತಾಯಿನ್ನ ಹೋಲ್ತಾಳ." ಆಮೇಲೆ ಬಾಗಿಲ ಕಡೆ ತಿರುಗಿದರು. "ತಂಗಿ, ನಿಮ್ಮಪ್ಪಾರಿಗೆ ಮೊದ್ಲ ಒಂದು ಧೋತರ ಕೊಡು. ಆಮ್ಯಾಲ ಹಂಚ ಇಡು, ನಾನೂ ಬರ್ತೀನಿ."

ಮಗಳು ಧೋತರ ತಂದು ಕೈಗೆ ಕೊಟ್ಟಳು. ನನ್ನ ಮುಖ ನೋಡಲಿಲ್ಲ, ಆದರೆ ಉಸಿರು ಬಿಟ್ಟದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು. ಎರಡು ಜೊತೆ ಕೈಗಳ ಸದ್ದು, ಒಂದು ಚುರುಕು, ಒಂದು ನಿಧಾನ. ನಡುನಡುವೆ ಇಬ್ಬರೂ ಏನೋ ಮಾತಾಡಿಕೊಳ್ಳುತ್ತಿದ್ದರು.

ತಾಟಿನ ಮುಂದೆ ಕೂತು ಐದು ರೊಟ್ಟಿ ತಿಂದೆ. ಎರಡಕ್ಕೇ ಹೊಟ್ಟೆ ತುಂಬಿತ್ತು. ಆ ಮನೆಯಲ್ಲಿ ಸಾಕು ಎನ್ನುವ ಧೈರ್ಯ ಅವತ್ತು ನನಗಿರಲಿಲ್ಲ.