ತೊಟ್ಟಿಯ ಬಳಿ ನೆಟ್ಟಗೆ ನಿಂತವಳು

ಆ ದಿನ ಬೆಳಿಗ್ಗೆ ಎಲ್ಲವೂ ಎಂದಿನಂತೆಯೇ ನಡೆದಿತ್ತು. ಸೀಮೆಎಣ್ಣೆ ಸ್ಟೋವಿನ ಬತ್ತಿ ಒಂದು ಪಕ್ಕ ಹೊಗೆಯಾಡುತ್ತಿತ್ತು; ಅದರ ತುದಿ ಕತ್ತರಿಸಿ ಸರಿಮಾಡಿ ಹಾಲು ಕಾಯಿಸಿದೆ. ನಮ್ಮವರು ಉಪ್ಪಿಟ್ಟು ತಿಂದು ಸೈಕಲ್ ಹತ್ತಿ ಲ್ಯಾಬಿಗೆ ಹೊರಟರು. ಮಗಳ ಜಡೆಗೆ ರಿಬ್ಬನ್ ಕಟ್ಟಿ ಪಕ್ಕದ ಮನೆಯ ಕಾಂತಾಬೆನ್ ಹತ್ತಿರ ಬಿಡಲು ಹೋದರೆ, ಅವರು ತೂಗುಯ್ಯಾಲೆಯಿಂದ ಏಳದೆಯೇ ಒಂದು ಖಾಲಿ ಚಪ್ಪಲಿ ಡಬ್ಬವನ್ನು ನನ್ನ ಕೈಗಿತ್ತು, "ತಗೊಳ್ಳಿ ಬೆನ್. ಗಂಡ ಆಕಾಶ ಅಳೀತಾನೆ, ಹೆಂಡತಿ ಚಪ್ಪಲಿ ಡಬ್ಬ ಆಯ್ತಾಳೆ" ಎಂದು ನಕ್ಕರು. ನಾನು ಹೋಗಲಿದ್ದ ಶಾಲೆ ಅವರ ಅಕ್ಕನ ಮನೆಯಿದ್ದ ಬೀದಿಯಲ್ಲೇ ಇತ್ತು. ಅಕ್ಕ ಸಿಕ್ಕರೆ ಕೇಳಿದೆನೆಂದು ಹೇಳಿ ಎಂದರು.

ದೆವ್ವ, ನೆರಳು, ಕಾಣದ್ದು ಕಂಡಿತು ಎನ್ನುವ ಕಥೆಗಳನ್ನು ನಾನು ಎಂದೂ ನಂಬಿದವಳಲ್ಲ. ಯಾರಾದರೂ ಹೇಳಿದರೆ ಮುಖ ನೋಡಿ ಸುಮ್ಮನೆ ನಗುತ್ತಿದ್ದೆ. ಈಗ ನಾನು ಹೇಳುವುದನ್ನು ಕೇಳಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ಅರವತ್ತರ ದಶಕದ ಕೊನೆಯ ವರ್ಷಗಳು. ಅಹಮದಾಬಾದಿಗೆ ಬಂದು ನಮಗೆ ನಾಲ್ಕು ವರ್ಷವಾಗಿತ್ತು. ನಮ್ಮವರ ಜೊತೆ ಸಂಶೋಧನೆಯಲ್ಲಿದ್ದ ಕೆಲವರು ಸೇರಿ, ಬೇಸಿಗೆ ರಜೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯರಿಗೆ ವಿಜ್ಞಾನ ಮತ್ತು ಲೆಕ್ಕವನ್ನು ಕೈಯಾರೆ ಮಾಡಿ ಕಲಿಸುವ ಶಿಬಿರ ನಡೆಸುತ್ತಿದ್ದರು. ದುಬಾರಿ ಸಾಮಾನು ಏನೂ ಇಲ್ಲ. ಪೊರಕೆಕಡ್ಡಿಯ ತಕ್ಕಡಿ, ಅದಕ್ಕೆ ಹುಣಸೆಬೀಜದ ತೂಕ. ಹತ್ತು ಕಡ್ಡಿ ಕಟ್ಟಿದರೆ ಹತ್ತು, ಅಂಥ ಹತ್ತು ಕಟ್ಟಿದರೆ ನೂರು. ಕಡ್ಡಿ ಕತ್ತರಿಸಿ, ಬೀಜ ತೊಳೆದು ಒಣಗಿಸಿ ಕೊಡುವುದು ಮನೆಯಲ್ಲಿ ನನ್ನ ಪಾಲಿನ ಕೆಲಸ. ಆ ವರ್ಷ ಪಾಠ ಮಾಡುತ್ತಿದ್ದ ಮಹಿಳೆ ಬರೋಡದ ಶಿಬಿರಕ್ಕೆ ಹೋಗಬೇಕಾಯಿತು. ಶಿಕ್ಷಕಿಯರು ಗಂಡಸರೆದುರು ಬಾಯಿಬಿಟ್ಟು ಪ್ರಶ್ನೆ ಕೇಳುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ನನಗೆ ಕಾಂತಾಬೆನ್ ದಯೆಯಿಂದ ಗುಜರಾತಿ ಬರುತ್ತಿತ್ತು. ಹಾಗಾಗಿ ನನ್ನನ್ನೇ ಕಳಿಸಿದರು.

ಕಳಿಸುವಾಗ ನಮ್ಮವರು ಹೇಳಿದ್ದು ಒಂದೇ ಮಾತು. ಗೊತ್ತಿರುವುದನ್ನು ಬರೆಯಬೇಡಿ, ಕಂಡದ್ದನ್ನು ಬರೆಯಿರಿ ಎಂದು ದಿನಕ್ಕೆ ಹತ್ತು ಸಲವಾದರೂ ಅವರಿಗೆ ಹೇಳು ಎಂದು. ಅದು ನನಗೂ ಬೇಕಾಗಿದ್ದ ಪಾಠವೇ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಬೋರ್ಡಿನ ಮೇಲೆ ಬರೆದ ಸೂಜಿರಂಧ್ರ ಕ್ಯಾಮರಾದ ಚಿತ್ರವನ್ನು ಸ್ಕೇಲಿಟ್ಟು ನಕಲು ಮಾಡಿ, ಹತ್ತಕ್ಕೆ ಹತ್ತು ತೆಗೆದುಕೊಂಡಿದ್ದೆ. ನೇರವಾಗಿ ಉರಿಯುವ ಮೋಂಬತ್ತಿ, ಪೆಟ್ಟಿಗೆಯೊಳಗೆ ತಲೆಕೆಳಗಾದ ಮೋಂಬತ್ತಿ. ನಿಜವಾದ ಕ್ಯಾಮರಾದೊಳಗೆ ಮಾತ್ರ ಎಂದೂ ಕಣ್ಣಿಟ್ಟು ನೋಡಿರಲಿಲ್ಲ.

ಶಿಬಿರದ ನಾಲ್ಕನೆಯ ದಿನ ಅದೇ ಪಾಠ. ಚಪ್ಪಲಿ ಡಬ್ಬದ ಒಂದು ಕಡೆ ಸೂಜಿಯ ತೂತು, ಇನ್ನೊಂದು ಕಡೆ ಕಡಲೆಕಾಯಿ ಎಣ್ಣೆ ಸವರಿದ ಕಾಗದದ ಪರದೆ. ತಲೆಯ ಮೇಲೆ ಹಳೆಯ ಛತ್ರಿಯ ಕಪ್ಪು ಬಟ್ಟೆ ಹೊದ್ದು ನೋಡಬೇಕು, ಪರದೆಯ ಮೇಲೆ ಕಂಡದ್ದನ್ನು ಕಂಡ ಹಾಗೆಯೇ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಇಬ್ಬಿಬ್ಬರಿಗೆ ಒಂದು ಕಿಟಕಿ. ನನ್ನ ಜೊತೆ ಹಿತ್ತಲ ಕಡೆಯ ಕಿಟಕಿಗೆ ಬಂದವರು ಕೋಕಿಲಾಬೆನ್.

ಅವರ ಬಗ್ಗೆ ಹೇಳಲೇಬೇಕು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಅತ್ತೆ ಮತ್ತು ಒಬ್ಬ ಮಗಳನ್ನು ಸಾಕುತ್ತಿದ್ದವರು. ಮೂರನೇ ಕ್ಲಾಸಿಗೆ ಐದು ವರ್ಷದಿಂದ ಹಂಗಾಮಿ ಟೀಚರು. ಶಿಬಿರದ ನೋಟ್‌ಬುಕ್ಕನ್ನು ನೋಡಿ ಶಾಲೆಗಳ ತಪಾಸಣೆಯ ಸಾಹೇಬರು ಒಳ್ಳೆಯ ಮಾತು ಬರೆದರೆ ಕೆಲಸ ಖಾಯಂ, ಇಲ್ಲದಿದ್ದರೆ ಆ ಜೂನಿನಿಂದ ಮನೆಗೆ. ಇದನ್ನು ಅವರು ನನಗೆ ಹೇಳಿದ್ದು ಕಡ್ಡಿ ಕಟ್ಟುತ್ತಾ, ಬೇರೆ ಯಾರದೋ ವಿಷಯ ಹೇಳುವ ಹಾಗೆ. ಅವರ ಪೆನ್ಸಿಲ್ ಹೆಬ್ಬೆಟ್ಟಿನಷ್ಟು ಗಿಡ್ಡವಾಗಿತ್ತು. ತುದಿಗೆ ಕಾಗದ ಸುತ್ತಿ ಉದ್ದ ಮಾಡಿಕೊಂಡಿದ್ದರು.

ಮೊದಲು ನಾನು ನೋಡಿದೆ. ಹಿತ್ತಲು ಪರದೆಯ ಮೇಲೆ ಮಸುಕಾಗಿ, ಆದರೆ ಬಣ್ಣಬಣ್ಣವಾಗಿ ಬಿದ್ದಿತ್ತು. ಬೇವಿನ ಮರ ತಲೆಕೆಳಗಾಗಿ ತೂಗುತ್ತಿತ್ತು. ಹಗ್ಗದ ಮೇಲೆ ಒಣಹಾಕಿದ್ದ ಬಿಳಿ ದುಪ್ಪಟಿ ಕೆಳಗಿನಿಂದ ಮೇಲಕ್ಕೆ ಇಳಿಬಿದ್ದಿತ್ತು. ಹಿತ್ತಲಿನ ಕಲ್ಲಿನ ನೀರಿನ ತೊಟ್ಟಿ ಪರದೆಯ ಮೇಲ್ಭಾಗದಲ್ಲಿ ಕಂಡಿತು. ಆ ತೊಟ್ಟಿ ಇದ್ದಲ್ಲೇ ಒಬ್ಬ ಹೆಂಗಸು ನಿಂತಿದ್ದಳು. ಸೆರಗನ್ನು ಗುಜರಾತಿಯವರಂತೆ ಮುಂದಕ್ಕೆ ಹಾಕಿದ್ದಳು, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಬಿಸಿಲಿಗೆ ಹಣೆಯ ಮೇಲೆ. ಮರ, ಗೋಡೆ, ಬಟ್ಟೆ ಎಲ್ಲವೂ ತಲೆಕೆಳಗು. ಅವಳು ಮಾತ್ರ ನೆಟ್ಟಗೆ ನಿಂತಿದ್ದಳು.

ಬಟ್ಟೆ ಸರಿಸಿ ಕಿಟಕಿಯಿಂದ ನೋಡಿದೆ. ಹಿತ್ತಲಲ್ಲಿ ಯಾರೂ ಇರಲಿಲ್ಲ. ಗೋಡೆಯ ಮೇಲೆ ಒಂದು ಅಳಿಲು, ಒಣಗುವ ದುಪ್ಪಟಿ, ತೊಟ್ಟಿಯ ಅಂಚಿನಲ್ಲಿ ಒಂದಿಷ್ಟು ಹಸಿರು, ಪಾಚಿಯಿರಬೇಕು ಎಂದುಕೊಂಡೆ. ಮತ್ತೆ ಬಟ್ಟೆ ಹೊದ್ದು ನೋಡಿದರೆ ಅವಳು ಅಲ್ಲೇ ಇದ್ದಳು. ಹಣೆಯ ಮೇಲಿದ್ದ ಕೈಯನ್ನು ಮಾತ್ರ ಇಳಿಸಿದ್ದಳು.

ನನಗೆ ಹೆದರಿಕೆಯಾಯಿತು ಎಂದರೆ ಸುಳ್ಳಾದೀತು. ಆದದ್ದು ಗಲಿಬಿಲಿ. ಕಲಿಸಲು ಬಂದವಳೇ ತಪ್ಪು ನೋಡುತ್ತಿದ್ದೇನಲ್ಲ ಎನ್ನುವ ನಾಚಿಕೆ. ಹೀಗಿರಲು ಸಾಧ್ಯವಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೆ ಏನು ಮಾಡಿದೆ ಗೊತ್ತೇ? ನನ್ನ ಹಾಳೆಯಲ್ಲಿ ಆ ಹೆಂಗಸನ್ನು ತಲೆಕೆಳಗಾಗಿ ಬರೆದೆ. ಬೆಳಗಿನಿಂದ ನಾನು ಯಾವುದನ್ನು ಮಾಡಬೇಡಿ ಎನ್ನುತ್ತಿದ್ದೆನೋ ಅದನ್ನೇ. ಆಮೇಲೆ ಏನೂ ಹೇಳದೆ ಡಬ್ಬವನ್ನು ಕೋಕಿಲಾಬೆನ್ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು, ಗಿಡ್ಡ ಪೆನ್ಸಿಲಿನಿಂದ ನಿಧಾನವಾಗಿ ಬರೆದರು.

ಮಧ್ಯಾಹ್ನ ಮೂರಕ್ಕೆ ಸಾಹೇಬರು ಬಂದರು. ಒಳ್ಳೆಯ ಮನುಷ್ಯರೇ, ಆದರೆ ಆತುರದವರು. ಕೋಕಿಲಾಬೆನ್ ನೋಟ್‌ಬುಕ್ ತೆರೆದವರು ಅಲ್ಲೇ ನಿಂತುಬಿಟ್ಟರು. ಮರ ಸರಿಯಾಗಿಯೇ ತಲೆಕೆಳಗಾಗಿತ್ತು. ತೊಟ್ಟಿಯ ಬಳಿ ಒಬ್ಬ ಹೆಂಗಸು ನೆಟ್ಟಗೆ ನಿಂತಿದ್ದಳು, ಎರಡು ಕೈಗಳೂ ಸೊಂಟದ ಮೇಲೆ.

"ನಾಲ್ಕು ದಿನ ಕಲಿತರೂ ಬಿಂಬ ತಲೆಕೆಳಗಾಗಿ ಬೀಳುತ್ತೆ ಅನ್ನೋದು ಇವರಿಗೆ ತಿಳಿದಿಲ್ಲವಲ್ಲ ಬೆನ್" ಎಂದರು ನನ್ನ ಕಡೆ ತಿರುಗಿ. "ಮಕ್ಕಳಿಗೆ ಏನು ಹೇಳಿಕೊಡ್ತಾರೆ ಇವರು?"

ಕೋಕಿಲಾಬೆನ್ ನನ್ನನ್ನು ನೋಡಿ ಮೆಲ್ಲಗೆ, "ಕಂಡದ್ದನ್ನೇ ಬರೆಯಿರಿ ಅಂದಿದ್ರಿ ನೀವು" ಎಂದರು.

ನಾನೂ ಹಾಗೆಯೇ ಕಂಡೆ ಎಂದೆ. ಹಾಗಾದರೆ ನಿಮ್ಮ ಹಾಳೆ ತೋರಿಸಿ ಎಂದರು ಸಾಹೇಬರು. ತೋರಿಸಿದೆ. ಅದೇ ಹೆಂಗಸು, ಆದರೆ ತಲೆಕೆಳಗಾಗಿ. ಕೋಕಿಲಾಬೆನ್ ವಿರುದ್ಧ ನನ್ನ ಹಾಳೆಯೇ ಸಾಕ್ಷಿ ಹೇಳುತ್ತಿತ್ತು. ನಾನು ಕಂಡಂತೆ ಬರೆಯಲಿಲ್ಲ, ನಾಚಿಕೆಯಿಂದ ತಿದ್ದಿ ಬರೆದೆ ಎಂದು ಅಷ್ಟೂ ಜನರೆದುರು ಹೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸಾಹೇಬರು ಡಬ್ಬ ತೆಗೆದುಕೊಂಡು ತಾವೇ ನೋಡಿದರು. ಅಷ್ಟರಲ್ಲಿ ಬಿಸಿಲು ತಿರುಗಿತ್ತು. ಅವರಿಗೆ ಮರದ ನೆರಳು ಬಿಟ್ಟು ಏನೂ ಕಾಣಲಿಲ್ಲ. ಗುರುವಾರ ಇನ್ನೊಮ್ಮೆ ಬರುತ್ತೇನೆ, ಅಷ್ಟರೊಳಗೆ ಇದು ಹೇಗೆ ಎಂದು ವಿವರಿಸಿ ಬರೆದು ತನ್ನಿ, ಇಲ್ಲದಿದ್ದರೆ ಇವರ ನೋಟ್‌ಬುಕ್ಕಿಗೆ ನಾನು ಸಹಿ ಹಾಕಲಾರೆ ಎಂದು ಹೇಳಿ ಹೋದರು.

ಬಸ್ಸಿನಲ್ಲಿ ನದಿ ದಾಟುವಾಗ ನನ್ನ ಮಡಿಲಲ್ಲಿದ್ದ ಡಬ್ಬವನ್ನು ಎರಡು ಸಲ ತೆರೆದು ನೋಡಿದೆ. ಎಣ್ಣೆ ಕಾಗದ, ಸೂಜಿ ತೂತು, ಚಪ್ಪಲಿಯ ನಂಬರು ಬರೆದ ಚೀಟಿ. ಇನ್ನೇನೂ ಇರಲಿಲ್ಲ.

ನಮ್ಮವರು ಎಲ್ಲವನ್ನೂ ಕೇಳಿದರು, ನಗಲಿಲ್ಲ. ಎರಡೂ ಚಿತ್ರಗಳನ್ನು ಮತ್ತೆ ಬರೆಸಿಕೊಂಡು ನೋಡುತ್ತಿದ್ದಂತೆ ಅವರ ಮುಖ ಅರಳಿತು. "ನೀರು ಕಣೇ" ಎಂದರು. "ತೊಟ್ಟಿ ತುಂಬ ನೀರಿದೆ. ಆ ಹೆಂಗಸು ದುಪ್ಪಟಿಯ ಹಿಂದೆ ನಿಂತಿದಾಳೆ, ಅದಕ್ಕೆ ಅವಳು ನಿಮಗೆ ಕಾಣಲ್ಲ. ನೀರಿನಲ್ಲಿ ಅವಳ ಪ್ರತಿಬಿಂಬ ಕಾಣುತ್ತೆ. ಅದು ಮೊದಲೇ ತಲೆಕೆಳಗು. ನಿಮ್ಮ ಡಬ್ಬ ಅದನ್ನ ಇನ್ನೊಂದು ಸಲ ತಲೆಕೆಳಗು ಮಾಡಿತು, ನೆಟ್ಟಗಾಯ್ತು."

ಆಗ ನನಗಾದ ಸಮಾಧಾನವನ್ನು ಹೇಗೆ ಹೇಳಲಿ! ಕಿಟಕಿಯಿಂದ ನೋಡಿದಾಗ ಆ ಪ್ರತಿಬಿಂಬ ಬರಿಗಣ್ಣಿಗೆ ಯಾಕೆ ಕಾಣಲಿಲ್ಲ ಎಂದು ಒಂದು ಕ್ಷಣ ಅನ್ನಿಸಿತು, ಆದರೆ ಕೇಳಲಿಲ್ಲ. ಕೇಳಲು ನನಗೆ ಮನಸ್ಸಿರಲಿಲ್ಲ. ಅವರು ಗೆರೆ ಎಳೆದು ಚಿತ್ರ ಬರೆದುಕೊಟ್ಟರು. ನಾನು ಗುಜರಾತಿಯಲ್ಲಿ ಪತ್ರ ಬರೆದೆ. ತೊಟ್ಟಿಯಲ್ಲಿ ಅಂಚಿನವರೆಗೂ ನೀರಿತ್ತು ಎಂದು ಎರಡನೇ ಸಾಲಿನಲ್ಲೇ ಇದೆ.

ಗುರುವಾರ ಆ ಪತ್ರ ಕೊಟ್ಟೆ. ಸಾಹೇಬರು ಓದಿ ತಲೆದೂಗಿದರು. ಇಷ್ಟು ಸೂಕ್ಷ್ಮವಾಗಿ ನೋಡಿ ಬರೆದವರು ಈ ಶಿಬಿರದಲ್ಲಿ ಇನ್ನೊಬ್ಬರಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದರು. ಕೋಕಿಲಾಬೆನ್ ಕೆಲಸ ಖಾಯಂ ಆಯಿತು. ನಾವು ಊರು ಬಿಡುವವರೆಗೂ ಪ್ರತಿ ದೀಪಾವಳಿಗೆ ಅವರಿಂದ ಒಂದು ಡಬ್ಬ ಮಠಿಯಾ, ಅವರ ಕಡೆಯ ತೆಳು ಹಪ್ಪಳದಂಥ ಕುರುಕಲು, ಬರುತ್ತಿತ್ತು. ಆ ದಿನದ ಮಾತನ್ನು ಮಾತ್ರ ಅವರು ಒಮ್ಮೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಿತ್ತಲಿಗೆ ಹೋಗಿ ತೊಟ್ಟಿ ನೋಡಲಿಲ್ಲವೇ ಎಂದು ನೀವು ಕೇಳಬಹುದು. ಪತ್ರ ಕೊಡುವ ಮೊದಲು ಹೋಗಿದ್ದೆ. ಅಲ್ಲಿ ಏನಿದೆ ಎಂದು ಹೋಗುವ ಮುಂಚೆಯೇ ನನಗೆ ಗೊತ್ತಿತ್ತು. ಆದರೂ ಪತ್ರ ಕೊಟ್ಟೆ. ಕೊಟ್ಟದ್ದು ಸರಿಯೋ ತಪ್ಪೋ ಇವತ್ತಿಗೂ ಹೇಳಲಾರೆ. ಅವಳು ಯಾರು, ಎಲ್ಲಿ ನಿಂತಿದ್ದಳು ಎನ್ನುವುದನ್ನಂತೂ ಹೇಳಲಾರೆ. ನಮ್ಮವರು ಆಮೇಲೆ ಬೇರೆ ಬೇರೆ ಗೆರೆಗಳನ್ನು ಎಳೆದು ನೋಡಿ, ಕೊನೆಗೆ ಆ ಕಾಗದವನ್ನೇ ಎತ್ತಿಟ್ಟುಬಿಟ್ಟರು.

ಪತ್ರ ಬರೆದ ಆ ಸಂಜೆ, ಅದರ ಶಾಯಿ ಇನ್ನೂ ಆರಿರಲಿಲ್ಲ. ಹಗುರ ಮನಸ್ಸಿನಿಂದ ಮಗಳನ್ನು ಕರೆತರಲು ಪಕ್ಕದ ಮನೆಗೆ ಹೋದೆ. ಕಾಂತಾಬೆನ್ ತೂಗುಯ್ಯಾಲೆಯ ಮೇಲೆ ಕೂತು ಮಜ್ಜಿಗೆಗೆ ಜೀರಿಗೆ ಪುಡಿ ಉದುರಿಸುತ್ತಿದ್ದರು. ಲೋಟ ನನ್ನ ಕೈಗೆ ಕೊಡುತ್ತಾ, "ಆ ಶಾಲೆಗೆ ಮತ್ತೆ ಹೋಗ್ತೀರಲ್ಲ ಬೆನ್" ಎಂದರು. "ಹಿತ್ತಲಲ್ಲಿ ಹಳೇ ತೊಟ್ಟಿ ಇದೆ ನೋಡಿ, ಅದರಿಂದ ಒಂದು ಹಿಡಿ ಪುದೀನ ಕಿತ್ಕೊಂಡು ಬನ್ನಿ. ಮೂರು ವರ್ಷದ ಹಿಂದೆ ಅದಕ್ಕೆ ಮಣ್ಣು ತುಂಬಿಸಿದ್ರಲ್ಲ, ಅವತ್ತಿಂದ ಅಲ್ಲಿ ಬೆಳೆಯೋ ಅಷ್ಟು ಸೊಂಪಾಗಿ ಎಲ್ಲೂ ಬೆಳೆಯಲ್ಲ ಅಂತಾಳೆ ನಮ್ಮಕ್ಕ."