ಕತ್ತರಿಸಿದವರೇ ಕೂಡಿಸಿದ ಕೊನೆಯ ನುಡಿ

ಸಿಂದಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೆಳಗಿನ ಐದೂವರೆಗೆ ಒಂದೇ ಒಂದು ಷಟರ್ ಮೇಲೇಳುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳು ಹೊರಡುವ ಹೊತ್ತು ಅದು. ಹಾಡಿಲ್ಲದೆ ಗಾಡಿ ಎಬ್ಬಿಸುವ ಚಾಲಕ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ದಾನೇಶ್ವರಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಂಪ್ಯೂಟರಿನ ಮುಂದೆ ಕೂರುವಷ್ಟರಲ್ಲಿ ಕೌಂಟರಿನ ಮೇಲೆ ಎಂಟು ಪೆನ್‌ಡ್ರೈವ್‌ಗಳು ಬಿದ್ದಿರುತ್ತವೆ.

"ಅಕ್ಕಾ, ಶುಕ್ರವಾರ ಬಂದ ಸಿನಿಮಾ ತುಂಬಿ ಕೊಡ್ರಿ," ಎನ್ನುತ್ತಾನೆ ಚಾಲಕ ಯುನೂಸ. "ನನ್ನ ಮೊಬೈಲ್‌ನಾಗ ವಿಪಿಎನ್ ಐತಿ. ಬಂದ್ ಮಾಡಿದ ಸೈಟೂ ಓಪನ್ ಆಗ್ತಾವ. ನಾ ಯಾರಂತ ಯಾರಿಗೂ ಗೊತ್ತಾಗಂಗಿಲ್ಲ."

"ಅದು ಇರೂದು ನಿನ್ನ ಗುಟ್ಟು ನಿನ್ನ ಹತ್ರ ಉಳೀಲಿ ಅಂತ. ಮಂದಿ ದುಡಿಮಿ ಹೊಡ್ಕೊಳ್ಳಾಕಲ್ಲ. ಸಿನಿಮಾ ಬೇಕಂದ್ರ ಬ್ಯಾರೆ ಅಂಗಡಿ ನೋಡ್ಕೋ," ಎನ್ನುತ್ತಲೇ ಅವರು ಡೊಳ್ಳಿನ ಪದ ತುಂಬಿಸುತ್ತಾರೆ. ಯುನೂಸ ನಗುತ್ತಾನೆ. ಬೈಸಿಕೊಳ್ಳದೆ ಅವನಿಗೆ ಬೆಳಗಾಗುವುದಿಲ್ಲ.

ಇಂಗಳೇಶ್ವರದ ದಾನೇಶ್ವರಿಗೆ ಈಗ ಮೂವತ್ತೆಂಟು. ಪಿಯುಸಿ ಅರ್ಧಕ್ಕೆ ಬಿಟ್ಟು ಮೊಬೈಲ್ ರಿಪೇರಿ ಕಲಿತರು, ಹದಿಮೂರು ವರ್ಷದ ಹಿಂದೆ ಸ್ವಂತ ಅಂಗಡಿ ಇಟ್ಟರು. ಆಗ ಮೊಬೈಲಿನ ಚಿಪ್ಪಿಗೆ, ಅಂದರೆ ಮೆಮೊರಿ ಕಾರ್ಡಿಗೆ, ಹಾಡು ತುಂಬಿಸುವುದೇ ಮುಖ್ಯ ವ್ಯಾಪಾರ. "ಎಲ್ಲಾ ಕದ್ದ ಮಾಲೇ ರೀ," ಎಂದು ಅವರೇ ಹೇಳುತ್ತಾರೆ. ಹೇಳುವಾಗ ದನಿ ತಗ್ಗಿಸುವುದಿಲ್ಲ.

ಡೊಳ್ಳಿನ ಪದದ ಕೊನೆಯ ನುಡಿಯಲ್ಲಿ ಹಾಡಿದವರ ಊರು, ಹೆಸರು ಬರುತ್ತದೆ. ಅದು ನಿಧಾನದ ನುಡಿ, ಚಾಲಕರಿಗೆ ಬೇಸರ. ದಾನೇಶ್ವರಿ ಆ ತುದಿಯನ್ನು ಕತ್ತರಿಸಿ ಬಿಸಾಡುತ್ತಿದ್ದರು. ಚಿಪ್ಪಿನಲ್ಲಿ ಇನ್ನೊಂದು ಹಾಡಿಗೆ ಜಾಗವೂ ಆಗುತ್ತಿತ್ತು.

ಒಂದು ದಿನ ಬಸ್ಸಿಗೆ ಕಾಯುತ್ತಿದ್ದ ಹಿರಿಯ ಹೆಂಗಸೊಬ್ಬರು ಅಂಗಡಿಯೊಳಗಿನ ಹಾಡು ಕೇಳಿ ಎದ್ದು ಬಂದರು.

"ಈ ಪದ ಯಾರ್ದವ್ವಾ?"

"ಯಾರ್ದೋ ಏನೋ. ಜನಪದ ರೀ."

"ನಂದವ್ವಾ. ಅಗರಖೇಡದ ಕಸ್ತೂರೆವ್ವ ಅಂತ ಕಡೀ ನುಡಿಯೊಳಗ ಹೇಳೇನಲ್ಲ, ಅದೆಲ್ಲಿ ಹೋತು?"

ದಾನೇಶ್ವರಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. "ಅವ್ರು ಬೈದಿದ್ರ ಚಲೋ ಇತ್ರಿ. ನೀರು ಕೇಳಿ ಕುಡ್ದು ಬಸ್ ಹತ್ತಿ ಹ್ವಾದ್ರು."

ಆ ವಾರವೇ ಕದ್ದ ಮಾಲಿಗೆ ಬೀಗ ಬಿತ್ತು. ಅರ್ಧ ಗಿರಾಕಿಗಳು ಪಕ್ಕದ ಅಂಗಡಿಗೆ ನಡೆದರು, ಸಂಬಂಧಿಕರು ತಲೆ ಕೆಟ್ಟಿದೆ ಎಂದರು. ದಾನೇಶ್ವರಿ ಅಗರಖೇಡಕ್ಕೆ ಹೋಗಿ ಕಸ್ತೂರೆವ್ವನ ಒಪ್ಪಿಗೆ ಕೇಳಿದರು. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಉಳಿದಿದ್ದ ಪೂರ್ತಿ ಹಾಡನ್ನು ಅವರ ಹೆಸರು ಹಾಕಿ, ವಿಡಿಯೊ ತಾಣದಲ್ಲಿ ಚಾನೆಲ್ ತೆರೆದು ಏರಿಸಿದರು. ಅಲ್ಲಿಂದ ಹಾಡುಗಾರರನ್ನು ಹುಡುಕುತ್ತಾ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಿರುಗಿದರು. ಇವತ್ತು ಅವರ ಚಾನೆಲ್‌ನಲ್ಲಿ ಐವತ್ಮೂರು ಹಾಡುಗಾರರಿದ್ದಾರೆ, ಸಾವಿರದ ನೂರು ಪದಗಳಿವೆ. ಬೆಳಗಿಗೆ ನಲವತ್ತು ಪೆನ್‌ಡ್ರೈವ್ ತುಂಬುತ್ತವೆ, ಎಲ್ಲವೂ ಹಾಡಿದವರ ಹೆಸರಿನಲ್ಲಿ.

ಹೋದ ದೀಪಾವಳಿಗೆ ಪೆಟ್ಟು ಬಿತ್ತು. ಯಾರೋ ಅನಾಮಧೇಯರು ಕಸ್ತೂರೆವ್ವನ ಪದಕ್ಕೆ ಬೇರೆ ಹುಡುಗಿಯ ಚಿತ್ರ ಅಂಟಿಸಿ, ಅಸಲು ತಮ್ಮದೆಂದು ವಿಡಿಯೊ ತಾಣಕ್ಕೆ ದೂರು ಕೊಟ್ಟರು. ದಾನೇಶ್ವರಿ ಏರಿಸಿದ್ದ ಪೂರ್ತಿ ಹಾಡೇ ನಕಲೆಂದು ಮಾಯವಾಯಿತು. ಇಂಥ ಇನ್ನೆರಡು ದೂರು ಬಂದರೆ ಇಡೀ ಚಾನೆಲ್ಲೇ ಇಲ್ಲ. ಐವತ್ಮೂರು ಜನರ ಹೆಸರು ಮತ್ತೆ ಗಾಳಿಗೆ.

ಕಳ್ಳರ ಹಾಡನ್ನು ದಾನೇಶ್ವರಿ ಇಪ್ಪತ್ತು ಸಲ ಕೇಳಿದರು. ಅದು ಡೊಳ್ಳಿನ ಒಂದು ಪೆಟ್ಟು ಅರ್ಧಕ್ಕೆ ನಿಂತು ಮುಗಿಯುತ್ತಿತ್ತು. "ಆ ಅರ್ಧ ಪೆಟ್ಟು ನನ್ನ ಕತ್ತರೀದ ರೀ. ಅವ್ರ ಹತ್ರ ಇದ್ದದ್ದು ನಾ ತುಂಬಿ ಕೊಟ್ಟ ಚಿಪ್ಪಿನ ಹಾಡು."

ಆದರೆ ಅದನ್ನು ಸಾಬೀತು ಮಾಡಬೇಕಾದರೆ ತಮ್ಮ ಕಳ್ಳತನವನ್ನೇ ಒಪ್ಪಿಕೊಳ್ಳಬೇಕು. ಅದೂ ತಾಣಕ್ಕೆ ನಿಜವಾದ ಹೆಸರು, ವಿಳಾಸ ಬರೆದು. ಅವು ನೇರ ಎದುರಾಳಿಯ ಕೈಗೆ ಹೋಗುತ್ತವೆ. ಕೇಸು ಬೀಳುತ್ತದೆ, ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಮನೆಯವರು ಹೆದರಿಸಿದರು. ದಾನೇಶ್ವರಿಗೂ ಹೆದರಿಕೆಯಾಯಿತು. ಆದರೂ ಕೂತು ಬರೆದರು: ಈ ಹಾಡು ಅಗರಖೇಡದ ಕಸ್ತೂರೆವ್ವನವರದು, ಕೊನೆಯ ನುಡಿ ಕತ್ತರಿಸಿದವಳು ನಾನು, ಆ ನುಡಿ ನನ್ನ ಹತ್ತಿರ ಇದೆ, ಜೋಡಿಸಿ ಕೇಳಿ.

ಹದಿನೇಳನೆಯ ದಿನ ಹಾಡು ಮರಳಿ ಬಂತು. ಎದುರಿನವರು ತಮ್ಮ ವಿಡಿಯೊ ಅಳಿಸಿಕೊಂಡರು. ಕೇಸೂ ಬೀಳಲಿಲ್ಲ, ಅಂಗಡಿಯೂ ಮುಚ್ಚಲಿಲ್ಲ.

ಇನ್ನೇನು ಆಸೆ ಎಂದು ಕೇಳಿದರೆ ದಾನೇಶ್ವರಿ ಮುಂದಿನ ಪೆನ್‌ಡ್ರೈವ್ ಚುಚ್ಚುತ್ತಾ ಹೇಳುತ್ತಾರೆ: "ಕಡೀ ನುಡಿ ಬಂದಾಗ ಡ್ರೈವರ್‌ಗೋಳು ಮುಂದಿನ ಹಾಡಿಗೆ ಒತ್ತಬಾರದ್ರಿ. ಕಸ್ತೂರೆವ್ವ ನಲವತ್ತು ವರ್ಷ ಹಾಡ್ಯಾರ. ಅವ್ರ ಹೆಸರು ಕೇಳಾಕ ಇವ್ರು ಅರ್ಧ ನಿಮಿಷ ತಡೀಲಿ."