ಬಲಕ್ಕೆ ವಾಲುವ ಸ್ಕೂಟರು

ಇವತ್ತು ಬೆಳಿಗ್ಗೆ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದಾಗ ಪೆಟ್ರೋಲಿನ ವಾಸನೆ ಬಂತು. ಪಕ್ಕದ ಮನೆಯ ಮುಂದೆ ಯಾರದೋ ಗಾಡಿ ಸೋರುತ್ತಿತ್ತು. ವಾಕಿಂಗಿಗೆ ಹೊರಟವರೆಲ್ಲ ಮೂಗು ಮುಚ್ಚಿಕೊಂಡು ದಾಟಿಹೋದರು. ನಾನು ಮಾತ್ರ ಗೇಟು ಹಿಡಿದು ನಿಂತು ಚೆನ್ನಾಗಿ ಉಸಿರೆಳೆದುಕೊಂಡೆ. ಎಂಬತ್ತು ದಾಟಿದ ಹೆಂಗಸು ಹೀಗೆ ಪೆಟ್ರೋಲು ಮೂಸುತ್ತ ನಿಂತರೆ ನೋಡಿದವರು ಏನಂದುಕೊಂಡಾರು? ಅಂದುಕೊಳ್ಳಲಿ. ನಿಮಗೆ ಮಲ್ಲಿಗೆಯೋ ಕಾಫಿಪುಡಿಯೋ ಯಾರನ್ನಾದರೂ ನೆನಪಿಗೆ ತರಬಹುದು. ನನಗೆ ಪೆಟ್ರೋಲು ನಮ್ಮ ಯಜಮಾನರನ್ನು ತರುತ್ತದೆ.

ನಾನು ಮದುವೆಯಾಗಿ ಜಯನಗರಕ್ಕೆ ಬಂದದ್ದು ಅರವತ್ತರ ದಶಕದ ಮೊದಲಿಗೆ. ಆಗ ಬ್ಲಾಕುಗಳಿಗೆ ನಂಬರು ಬಂದಿತ್ತು, ಮನೆಗಳು ಅಷ್ಟಾಗಿ ಬಂದಿರಲಿಲ್ಲ. ನಮ್ಮ ಬಾಗಿಲಲ್ಲಿ ನಿಂತರೆ ಕಲ್ಲು ನೆಟ್ಟ ಖಾಲಿ ಸೈಟುಗಳು, ಅದರಾಚೆ ರಾಗಿಹೊಲ. ರಸ್ತೆಗಳು ಮಾತ್ರ ರಾಜಬೀದಿಯಂತೆ ಅಗಲವಾಗಿದ್ದವು. ಅಷ್ಟಗಲದ ರಸ್ತೆಯಲ್ಲಿ ಯಾರು ಓಡಾಡುತ್ತಾರೋ ಅಂತ ನಮ್ಮ ಅತ್ತೆ ದಿನಾ ಆಶ್ಚರ್ಯಪಡುತ್ತಿದ್ದರು. ಈಗ ಅವರು ಬಂದು ನೋಡಬೇಕಿತ್ತು.

ನಮ್ಮವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಮೂರು ವರ್ಷದ ಮಗುವಾಗಿದ್ದಾಗ ಬಂದ ಜ್ವರ ಅವರ ಎಡಗಾಲಿನ ಬಲವನ್ನೆಲ್ಲ ತೆಗೆದುಕೊಂಡು ಹೋಗಿತ್ತು. ಎಡಗೈಯನ್ನು ತೊಡೆಗೆ ಒತ್ತಿ ಹಿಡಿದು ನಡೆಯುತ್ತಿದ್ದರು. ನಾನು ಆ ಮನೆಗೆ ಬಂದ ಮೊದಲ ವಾರವೇ ಅತ್ತೆ ಅಡುಗೆಮನೆಗೆ ಕರೆದು, "ಅವನ ಮುಂದೆ ಕಾಲಿನ ಮಾತು ಎತ್ತಬೇಡಮ್ಮ. ಈ ಮನೇಲಿ ಯಾರೂ ಎತ್ತಲ್ಲ" ಅಂದಿದ್ದರು. ನಾನೂ ಎತ್ತಲಿಲ್ಲ. ಜೊತೆಯಲ್ಲಿ ಮೆಟ್ಟಿಲು ಹತ್ತುವಾಗ ನಿಧಾನ ಮಾಡಬೇಕಾದರೆ ಸೆರಗು ಸರಿಮಾಡಿಕೊಳ್ಳುವ ನೆಪ ಹೂಡುತ್ತಿದ್ದೆ. ಮದುವೆಯಾದ ಮೊದಲ ನಾಲ್ಕು ವರ್ಷದಲ್ಲಿ ನನ್ನಷ್ಟು ಸೆರಗು ಸರಿಮಾಡಿಕೊಂಡವಳು ಬೆಂಗಳೂರಿನಲ್ಲಿ ಇನ್ನೊಬ್ಬಳು ಇರಲಾರಳು.

ಕಷ್ಟವಿದ್ದದ್ದು ಬಸ್ಸಿನದು. ತುಂಬಿ ಬಂದ ಬಸ್ಸು ಪೂರ್ತಿ ನಿಲ್ಲುತ್ತಿರಲಿಲ್ಲ, ನಾಲ್ಕು ಹೆಜ್ಜೆ ಓಡಿ ಹತ್ತಬೇಕು. ಇವರು ಒಂದು ಬಸ್ಸು ಬಿಟ್ಟು, ಎರಡು ಬಿಟ್ಟು, ಮೂರನೆಯದರಲ್ಲಿ ಹೋಗುವಷ್ಟರಲ್ಲಿ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಶಾಯಿ ಬಿದ್ದಿರುತ್ತಿತ್ತು. ಹೊಸದಾಗಿ ಬಂದ ಮೇಲಧಿಕಾರಿ ಎಲ್ಲರೆದುರು ಕಾರಣ ಕೇಳಿದರಂತೆ. ಇವರು "ಬಸ್ಸು ಸಿಗಲಿಲ್ಲ ಸಾರ್" ಅಂದರಂತೆ. ಆ ಸಂಜೆ ಕಾಫಿ ಲೋಟ ಹಿಡಿದುಕೊಂಡು, "ಒಂದು ಸ್ಕೂಟರ್ ತಗೋಬೇಕು ಅಂತಿದ್ದೀನಿ" ಅಂದರು. ಯಾಕೆ ಅಂತ ಅತ್ತೆಯೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಕಾಲಿನ ಮಾತು ಬರುತ್ತಿತ್ತಲ್ಲ.

ಹೊಸ ಸ್ಕೂಟರಿಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ. ಹಾಗಾಗಿ ಯಾರಾದರೂ ಓಡಿಸಿ ಮಾರುವುದನ್ನೇ ಹುಡುಕಬೇಕಿತ್ತು. ಊರಿನಲ್ಲಿ ಮುಖ್ಯವಾಗಿ ಎರಡು ಬಗೆಯ ಸ್ಕೂಟರು ಓಡಾಡುತ್ತಿದ್ದವು. ಒಂದಕ್ಕೆ ಇಂಜಿನ್ನು ನಡುವೆ, ಇನ್ನೊಂದಕ್ಕೆ ಬಲಗಡೆ ಪಕ್ಕೆಯಲ್ಲಿ. ಕಚೇರಿಯ ಗೆಳೆಯರೆಲ್ಲ ನಡುವಿನದೇ ತಗೊಳ್ಳಿ, ಪಕ್ಕದ್ದು ಬಲಕ್ಕೆ ವಾಲುತ್ತೆ ಅಂತ ಹೇಳಿದ್ದರು. ನಾನೂ ಒಂದು ವಾರ ಗೇಟಿನಲ್ಲಿ ನಿಂತು, ಹೋಗಿಬರುವ ಸ್ಕೂಟರುಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಒಂದು ತೀರ್ಮಾನಕ್ಕೆ ಬಂದಿದ್ದೆ: ತಿಳಿಹಸಿರು ಬಣ್ಣದ್ದು ಚೆಂದ.

ಜಯನಗರದ ಪಕ್ಕದ ಸಿದ್ದಾಪುರದಲ್ಲಿ ದಸ್ತಗೀರ್ ಸಾಹೇಬರು ಅಂತ ಒಬ್ಬ ಮೆಕ್ಯಾನಿಕ್ಕು. ಅವರ ಶೆಡ್ಡಿನಲ್ಲಿ ಎರಡು ಸ್ಕೂಟರು ಮಾರಾಟಕ್ಕಿವೆ ಅಂತ ತಿಳಿದು ಒಂದು ಭಾನುವಾರ ಇಬ್ಬರೂ ಹೋದೆವು. ನನ್ನ ಅದೃಷ್ಟಕ್ಕೆ, ನಡುವೆ ಇಂಜಿನ್ನಿದ್ದದ್ದು ತಿಳಿಹಸಿರು. ಇನ್ನೊಂದು ಬೂದಿ ಬಣ್ಣದ್ದು, ಅಲ್ಲಲ್ಲಿ ಬಣ್ಣ ಎದ್ದುಹೋಗಿತ್ತು. ನಾನು ಹಸಿರಿನ ಸೀಟಿನ ಮೇಲೆ ಕೈಯಿಟ್ಟು ಆಗಲೇ ಅದರ ಒಡತಿಯಾಗಿದ್ದೆ.

ಸಾಹೇಬರು ಸ್ಕೂಟರಿನ ಕಡೆ ನೋಡುತ್ತಲೇ ಇರಲಿಲ್ಲ. ನಾವು ರಸ್ತೆ ದಾಟಿ ಬಂದದ್ದನ್ನು ನೋಡಿದ್ದರು. ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತ, "ಸಾರ್, ನಿಮ್ದು ಎಡಗಾಲು ಎಷ್ಟು ಭಾರ ತಡೀತದೆ?" ಅಂದರು.

ನನಗೆ ಸಿಟ್ಟು ಬಂತು. "ನಾವು ಗಾಡಿ ನೋಡೋಕೆ ಬಂದಿರೋದು" ಅಂದೆ.

"ಅದಕ್ಕೇ ಅಮ್ಮ ಕೇಳ್ತಿರೋದು. ಗಾಡಿ ನಿಲ್ಲೋದು ಕಾಲಿನ ಮೇಲೆ" ಅಂದರು ಸಾಹೇಬರು.

ನಮ್ಮವರು ಇನ್ನೇನು ತಿರುಗಿ ಹೊರಟುಬಿಡುತ್ತಾರೆ ಅಂದುಕೊಂಡೆ. ಆದರೆ ಅವರು, "ಸುಮ್ಮನೆ ನಿಂತ್ಕೊಂಡ್ರೆ ತಡೆಯುತ್ತೆ. ಒಂದೇ ಸಲ ಭಾರ ಬಿದ್ರೆ ಮಂಡಿ ಮಡಚಿಕೊಂಡುಬಿಡುತ್ತೆ. ಬಸ್ಸು ಹತ್ತುವಾಗ ಹಾಗೇ ಆಗೋದು" ಅಂದರು. ಯಾವುದೋ ಫೈಲಿನ ವಿಷಯ ಹೇಳುವಷ್ಟು ಸಮಾಧಾನವಾಗಿ ಹೇಳಿದರು. ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದವಳಿಗೆ ಅದು ಗೊತ್ತೇ ಇರಲಿಲ್ಲ.

"ಹಾಗಾದ್ರೆ ಹಸಿರು ಬೇಡ" ಅಂದರು ಸಾಹೇಬರು. "ಅದು ನಿಂತಾಗ ಯಾವ ಕಡೆಗೂ ಬೀಳಬಹುದು. ಈ ಬೂದಿದು ಬಲಕ್ಕೇ ಬರ್ತದೆ. ಎಲ್ರೂ ಅದನ್ನೇ ಬೈತಾರೆ. ನಿಮಗೆ ಅದೇ ಒಳ್ಳೇದು. ಕೈಬ್ರೇಕು ಹಿಡೀರಿ, ಬಲಗಾಲು ಇಳಿಸಿ. ಎಡಗಾಲಿಗೆ ಕೆಲಸಾನೇ ಇಲ್ಲ."

ಬೂದಿ ಬಣ್ಣದ್ದೇ ಮನೆಗೆ ಬಂತು. ತಿಳಿಹಸಿರು ಬಿಟ್ಟುಬಂದ ದುಃಖ ನನಗೆ ಒಂದು ತಿಂಗಳಿತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಖಾಲಿ ಸೈಟುಗಳ ನಡುವಿನ ಮಣ್ಣುರಸ್ತೆಯಲ್ಲಿ ದಿನಾ ಬೆಳಿಗ್ಗೆ ಕಲಿಕೆ. ನಿಂತು ಕಿಕ್ ಹೊಡೆಯಲು ಭಾರವೆಲ್ಲ ಎಡಗಾಲಿನ ಮೇಲೆ ಬೀಳಬೇಕು. ಆದ್ದರಿಂದ ಆ ಕೆಲಸ ನನ್ನದಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ಒದೆಯುವುದನ್ನು ನೋಡಲು ಹಾಲು ಹಾಕುವವಳು ಪಾತ್ರೆ ಇಳಿಸಿ ನಿಲ್ಲುತ್ತಿದ್ದಳು. ಆಮೇಲೆ ಸ್ಟ್ಯಾಂಡ್ ಹಾಕಿ ಕೂತೇ ಕಿಕ್ ಹೊಡೆಯುವುದನ್ನು ಅವರು ಕಲಿತುಕೊಂಡರು. ಮನೆಯ ಮುಂದೆ ಕಿಕ್ ಹೊಡೆಯುವ ಹಕ್ಕನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ.

ಮೊದಲ ದಿನವೇ ತಿರುವಿನಲ್ಲಿ ಎಡಕ್ಕೆ ಬಿದ್ದರು. ನಾನು ಓಡಿದರೆ, "ಬೇಡ, ನಾನೇ ಏಳ್ತೀನಿ" ಅಂತ ಕೈ ತೋರಿಸಿ ತಡೆದರು. ಎದ್ದರು, ಮೊಳಕೈಯ ಮಣ್ಣು ಕೊಡವಿಕೊಂಡು ಮತ್ತೆ ಕೂತರು. ಮೂರನೆಯ ದಿನ ಪುನಃ ಬಿದ್ದರು. ನಾನು ದೂರದಲ್ಲೇ ನಿಂತು ಸೆರಗು ಸರಿಮಾಡಿಕೊಳ್ಳತೊಡಗಿದೆ. ಅವರು ಕೂತಲ್ಲಿಂದಲೇ ನನ್ನ ಕಡೆ ನೋಡಿ, "ಸೆರಗು ಸರಿಯಾಗೇ ಇದೆ. ಬಾ, ಕೈ ಕೊಡು" ಅಂದರು. ನಾಲ್ಕು ವರ್ಷದಿಂದ ಅವರಿಗೆ ಗೊತ್ತಿತ್ತು ನೋಡಿ. ಕೈ ಕೊಟ್ಟು ಎಬ್ಬಿಸುವಾಗ ನಾವಿಬ್ಬರೂ ನಗುತ್ತಿದ್ದೆವು. ನನಗೆ ಅಳುವೂ ಬಂದಿತ್ತು.

ಸ್ಕೂಟರಿನಲ್ಲಿ ಮೊದಲು ಕಚೇರಿಗೆ ಹೋದ ದಿನ ಅತ್ತೆ ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ಗೇಟಿನ ಮುಂದೆ ಸದ್ದು ನಿಂತಾಗ ನನಗಿಂತ ಮೊದಲು ಹೊರಗೆ ಹೋದರು. ಇವರು ಬಲಗಾಲು ಊರಿ ಕೂತಿದ್ದರು. "ಹಾಜರಿ ಪುಸ್ತಕ ಇನ್ನೂ ಬಂದೇ ಇರಲಿಲ್ಲಮ್ಮ. ಇವತ್ತು ನಾನೇ ಮೊದಲು" ಅಂದರು. ಅತ್ತೆ ಮಗ ಕೆಳಗಿಳಿಯುವವರೆಗೂ ಕಾದಿದ್ದು, ಮೆಲ್ಲಗೆ, "ಕಾಲು ನೋಯ್ತೇನಪ್ಪಾ?" ಅಂತ ಕೇಳಿದರು.

"ಸ್ವಲ್ಪ ನೋಯ್ತಿದೆ" ಅಂದರು.

ಅತ್ತೆ ಒಳಗೆ ಹೋಗಿ ಹರಳೆಣ್ಣೆ ಬಿಸಿಮಾಡಿಕೊಂಡು ಬಂದರು. ಮೂವತ್ತರ ಮಗನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಜಗುಲಿಯ ಮೇಲೆ, ಬೀದಿಗೆ ಕಾಣುವ ಹಾಗೆ, ತಿಕ್ಕುತ್ತ ಕೂತರು.

ನಮ್ಮವರು ಹೋಗಿ ಹನ್ನೊಂದು ವರ್ಷವಾಯಿತು. ಹೋದ ವಾರ ಔಷಧಿ ತರಲು ಹೋಗಿ ಸಿಗ್ನಲಿನ ಹತ್ತಿರ ರಸ್ತೆ ದಾಟಲು ನಿಂತಿದ್ದೆ. ಐವತ್ತೋ ಅರವತ್ತೋ ದ್ವಿಚಕ್ರ ವಾಹನಗಳು ಒಟ್ಟಿಗೆ ಬಂದು ನಿಂತವು. ಎಲ್ಲರೂ ಎಡಗಾಲನ್ನೇ ಇಳಿಸುತ್ತಾರೆ, ಗಮನಿಸಿದ್ದೀರಾ? ನಾನು ಒಂದೊಂದೇ ಕಾಲು ನೋಡುತ್ತ ಹೋದೆ. ಪಕ್ಕದಲ್ಲಿದ್ದ ಹುಡುಗಿ ನನ್ನ ಮೊಳಕೈ ಹಿಡಿದು, "ದಾಟಿಸ್ಲಾ ಆಂಟಿ? ಮಂಡಿ ನೋವಾ?" ಅಂತ ಕೇಳಿದಳು. ಬೇಡ ಅನ್ನಲು ಬಾಯಿ ತೆರೆದವಳು, "ಹೂಂ ಕಣಮ್ಮ, ನೋವು. ನಿಧಾನಕ್ಕೆ ಕರ್ಕೊಂಡು ಹೋಗು" ಅಂದೆ.